ಕಂಡದ್ದು, ಅಳೆದದ್ದು, ಕೇಳಿದ್ದು: ಶಾಲಾ ಭೂಗೋಳ ಕ್ಷೇತ್ರ ಅಧ್ಯಯನದ ವರದಿ ಮತ್ತು ಗ್ರಾಮ ಪಂಚಾಯಿತಿ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಲಾದ ಉಪನ್ಯಾಸದ ಪಠ್ಯ)



ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಹೋಬಳಿಯ ಗುಡ್ಡಗಳನ್ನು ಬಹುಕಾಲ ಬರಿಯ ಕುರುಚಲು ಕಾಡೆಂದೇ ಎಣಿಸಲಾಗುತ್ತಿತ್ತು. ಅಲ್ಲಿ ಚಿಂಕಾರ ಎಂಬ ಹುಲ್ಲೆ ಇದೆ ಎಂಬುದು ಸ್ವಯಂಚಾಲಿತ ಕ್ಯಾಮೆರಾಗಳಲ್ಲಿ ದಿನಾಂಕ ಸಹಿತ ದಾಖಲಾದ ಮೇಲೆ, 2019ರಲ್ಲಿ ಆ ಪ್ರದೇಶವನ್ನು ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಪ್ರಾಣಿ ಮೊದಲೂ ಅಲ್ಲಿ ಮೇಯುತ್ತಿದ್ದಿರಬೇಕು. ಇಂಥ ದಿನ, ಇಂಥ ಜಾಗದಲ್ಲಿ, ಇಂಥ ರೀತಿಯಲ್ಲಿ ಕಂಡಿತು ಎಂದು ಸರ್ಕಾರ ನೆಚ್ಚಬಹುದಾದ ದಾಖಲೆ ಸಿಕ್ಕ ಮೇಲೆ ಆ ನೆಲದ ಹಣೆಬರಹವೇ ಬದಲಾಯಿತು. ಇಂದಿನ ವಿಷಯವಾದ ಶಾಲಾ ಭೂಗೋಳದ ಕ್ಷೇತ್ರ ಅಧ್ಯಯನ ವರದಿ ಇದಕ್ಕಿಂತ ಬಹಳ ಚಿಕ್ಕ ಸಂಗತಿ. ಆದರೆ ಅದರ ಬಲವೂ ದೌರ್ಬಲ್ಯವೂ ಇರುವುದು ಇದೇ ಜಾಗದಲ್ಲಿ.

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನದ ಯೋಜನಾ ಕಾರ್ಯವೆಂದು ಮಕ್ಕಳು ಪ್ರತಿ ವರ್ಷ ವರದಿ ಬರೆಯುತ್ತಾರೆ. ರೂಪಣಾತ್ಮಕ ಮೌಲ್ಯಮಾಪನದ ಅಂಕಗಳಿಗೆ ಅದು ಅಗತ್ಯ. ಬಣ್ಣದ ಹಾಳೆ, ಅಂಚಿಗೆ ಗೆರೆ, ಮೊಬೈಲಿನಿಂದ ಇಳಿಸಿಕೊಂಡ ಚಿತ್ರ, ಪಠ್ಯಪುಸ್ತಕದ ಎರಡು ಪುಟ, ಕೊನೆಯಲ್ಲಿ ‘ಪರಿಸರವನ್ನು ಉಳಿಸೋಣ’ ಎಂಬ ಸಾಲು, ಇಷ್ಟು ಸೇರಿದರೆ ವರದಿ ಸಿದ್ಧವಾಯಿತೆಂಬ ಭಾವನೆ ಬೆಳೆದುಬಿಟ್ಟಿದೆ. ಶಿಕ್ಷಕರು ಸಹಿ ಹಾಕುತ್ತಾರೆ. ವರ್ಷದ ಕೊನೆಗೆ ಕಟ್ಟು ಬೀರುವಿನ ಮೇಲೆ ಸೇರುತ್ತದೆ. ಇದರಲ್ಲಿ ಮಕ್ಕಳ ತಪ್ಪನ್ನು ಹುಡುಕುವುದು ನ್ಯಾಯವಲ್ಲ. ಓದುವವರೇ ಇಲ್ಲದ ಬರಹವನ್ನು ಯಾರು ತಾನೆ ಎಚ್ಚರದಿಂದ ಬರೆದಾರು? ಆ ಓದುಗರ ಸ್ಥಾನ ಗ್ರಾಮ ಪಂಚಾಯಿತಿಗೆ ಸಲ್ಲಬೇಕೆಂಬುದು ಈ ಉಪನ್ಯಾಸದ ಪ್ರತಿಪಾದನೆ.

ಮಕ್ಕಳ ಬರಹವನ್ನು ಪಂಚಾಯಿತಿ ಕೆಲಸಕ್ಕೆ ಬಳಸುವುದು ಕರ್ನಾಟಕಕ್ಕೆ ಹೊಸದಲ್ಲ. 2004ರಲ್ಲಿ ಉಡುಪಿ ಜಿಲ್ಲೆಯ 56 ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳು ತಾವೇ ಮಾಹಿತಿ ಸಂಗ್ರಹಿಸಿ, ತಮ್ಮ ಪಂಚಾಯಿತಿಗೆ 5 ವರ್ಷಗಳ ಯೋಜನೆಯನ್ನು ಬರೆದುಕೊಟ್ಟ ಉದಾಹರಣೆ ಇದೆ. ಈಗ ರಾಜ್ಯದ ಎಲ್ಲ ಪಂಚಾಯಿತಿಗಳಲ್ಲಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸಬೇಕಾಗಿದೆ. ಆ ಸಭೆಯಲ್ಲಿ ‘ಶೌಚಾಲಯ ಕೊಡಿ, ಕಾಂಪೌಂಡ್ ಕಟ್ಟಿಸಿ’ ಎಂಬ ಬೇಡಿಕೆ ಪಟ್ಟಿ ಬರುತ್ತದೆ, ಅದು ಬರಲೇಬೇಕು. ಅದರ ಜೊತೆಗೆ ಅಳತೆಯಿಂದ ಕೂಡಿದ ಒಂದು ವರದಿಯೂ ಬಂದರೆ ಸಭೆಯ ತೂಕವೇ ಬೇರೆಯಾಗುತ್ತದೆ.

ಒಂದು ನಿದರ್ಶನವನ್ನು ಹಿಡಿದು ಹೊರಡುವುದು ಅನುಕೂಲ. ಬುಕ್ಕಾಪಟ್ಟಣ ಸೀಮೆಯ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿ ಊರ ಕೆರೆಯನ್ನು ಅಭ್ಯಾಸಕ್ಕೆ ಆರಿಸಿಕೊಂಡಿದೆ ಎಂದು ಭಾವಿಸೋಣ. ಇದು ಮಧ್ಯ ಒಣ ವಲಯದ ನೆಲ. ರಾಗಿ, ಕಡಲೆಕಾಯಿ, ತೊಗರಿ, ಹುರುಳಿಗಳು ಮಳೆಯನ್ನು ನೆಚ್ಚಿ ಬೆಳೆಯುವ ಕೆಂಪು ಮಣ್ಣು; ನಡುನಡುವೆ ಕೊಳವೆ ಬಾವಿಯನ್ನು ನೆಚ್ಚಿದ ಅಡಿಕೆ, ತೆಂಗಿನ ತೋಟ. ಶಿರಾ ಸೀಮೆಯ ಹೆಚ್ಚಿನ ಹಳ್ಳಗಳು ವೇದಾವತಿಯ ಕಡೆಗೆ ಹರಿದು, ತುಂಗಭದ್ರೆಯ ಮೂಲಕ ಕೃಷ್ಣೆಯನ್ನು ಸೇರುತ್ತವೆ. ಅದೇ ಶೈಕ್ಷಣಿಕ ಜಿಲ್ಲೆಯ ಕೊರಟಗೆರೆಯ ನೀರಾದರೋ ಜಯಮಂಗಲಿಯ ಮೂಲಕ ಉತ್ತರ ಪಿನಾಕಿನಿಗೆ ಹೋಗುತ್ತದೆ. ಇಂಥ ನಾಡಿನಲ್ಲಿ ಕೆರೆಗೆ ನೀರು ಬಾರದಿರುವುದೆಂದರೆ ಊರಿನ ಬೋರ್‌ವೆಲ್‌ಗಳ ಆಯುಷ್ಯ ಕುಗ್ಗುವುದೆಂದೇ ಅರ್ಥ. ಆದ್ದರಿಂದ ಮಕ್ಕಳ ವಿಷಯ ಚಿಕ್ಕದಾದರೂ ಪಣಕ್ಕಿರುವುದು ಚಿಕ್ಕದಲ್ಲ.

ಮೊದಲ ಕೆಲಸ ಪ್ರಶ್ನೆಯನ್ನು ನಿಶ್ಚಯಿಸುವುದು. ‘ನಮ್ಮ ಊರಿನ ಕೆರೆ’ ಎಂಬುದು ಪ್ರಬಂಧದ ತಲೆಬರಹ, ಅದಕ್ಕೆ ಉತ್ತರವಿಲ್ಲ. ‘ಗುಡ್ಡದ ಬುಡದಿಂದ ಕೆರೆಯವರೆಗಿನ ಪೂರಕ ಕಾಲುವೆಯಲ್ಲಿ ನೀರು ಎಲ್ಲೆಲ್ಲಿ ತಡೆಯಲ್ಪಡುತ್ತದೆ?’ ಎಂಬುದು ಪ್ರಶ್ನೆ. ಒಂದು ಬೆಳಗಿನಲ್ಲಿ ನಡೆದು ಮುಗಿಸಬಹುದಾದ ದೂರ, ಕಣ್ಣಿಗೆ ಕಾಣುವ ಸಂಗತಿ, ಟೇಪು ಹಿಡಿದು ಅಳೆಯಬಹುದಾದ ಅಗಲ. ಪ್ರಶ್ನೆ ಇಷ್ಟು ಕಿರಿದಾಗಿದ್ದರೆ ಮಕ್ಕಳಿಗೆ ಪುಸ್ತಕದಿಂದ ನಕಲು ಮಾಡಲು ಅವಕಾಶವೇ ಇರುವುದಿಲ್ಲ, ಏಕೆಂದರೆ ಆ ಕಾಲುವೆಯ ಬಗ್ಗೆ ಯಾವ ಪುಸ್ತಕದಲ್ಲಿಯೂ ಬರೆದಿಲ್ಲ.

ಎರಡನೆಯದು ಟಿಪ್ಪಣಿ ಪುಸ್ತಕ. ವರದಿಯನ್ನು ಶಾಲೆಯಲ್ಲಿ ಕುಳಿತು ಬರೆಯಬಹುದು. ಟಿಪ್ಪಣಿಯನ್ನು ಕಾಲುವೆಯ ದಂಡೆಯ ಮೇಲೆಯೇ ಬರೆಯಬೇಕು. ಪ್ರತಿ ಪುಟದ ಮೇಲೆ ದಿನಾಂಕ, ವೇಳೆ, ನಿಂತ ಜಾಗ. ಹಿಂದಿನ ಮಳೆ ಬಿದ್ದು ಎಷ್ಟು ದಿನವಾಯಿತೆಂಬ ಒಂದು ಸಾಲು. ಪೆನ್ಸಿಲ್ಲಾದರೆ ಒಳ್ಳೆಯದು, ಮಳೆಗೆ ಶಾಯಿ ಕದಡುತ್ತದೆ. ಅಂದವಾಗಿ ನಕಲು ಮಾಡಿದ ಮೇಲೆ ಮಕ್ಕಳು ಮೊದಲ ಪುಸ್ತಕವನ್ನು ಎಸೆದುಬಿಡುವುದುಂಟು. ಅದನ್ನು ವರದಿಯ ಜೊತೆಗೇ ಕಟ್ಟಿಡಬೇಕು, ಏಕೆಂದರೆ ಒಂದು ಅಂಕಿಯ ಬಗ್ಗೆ ಸಂಶಯ ಬಂದಾಗ ತಿರುಗಿ ನೋಡಬೇಕಾದದ್ದು ಆ ಮಣ್ಣು ಹಿಡಿದ ಪುಸ್ತಕವನ್ನೇ.

ಇನ್ನು ವರದಿಯ ಜೀವಾಳವಾದ ವಿಂಗಡಣೆ. ಕಂಡದ್ದು ಒಂದು, ಅಳೆದದ್ದು ಒಂದು, ಕೇಳಿದ್ದು ಒಂದು, ಓದಿದ್ದು ಇನ್ನೊಂದು. ಈ ನಾಲ್ಕನ್ನು ಬೆರೆಸಿದ ವರದಿಯನ್ನು ಪಂಚಾಯಿತಿ ನಂಬಲಾಗದು. ಬೇರೆ ಬೇರೆಯಾಗಿ ಇಟ್ಟ ವರದಿಯಲ್ಲಿ ತಪ್ಪಿದ್ದರೂ ತಿದ್ದಬಹುದು. ‘ಕಾಲುವೆಯಲ್ಲಿ ಬಳ್ಳಾರಿ ಜಾಲಿ ಬೆಳೆದಿದೆ’ ಎಂಬುದು ಕಂಡದ್ದು. ‘ಜಾಲಿಯ ಪೊದೆ 40 ಮೀಟರ್ ಉದ್ದಕ್ಕೆ ಇದೆ’ ಎಂಬುದು ಅಳೆದದ್ದು. ‘ಹಿಂದೆ ಈ ಕಾಲುವೆಯಲ್ಲಿ ಎತ್ತಿನ ಗಾಡಿ ಹೋಗುವಷ್ಟು ಅಗಲವಿತ್ತು’ ಎಂದು ನೀರುಗಂಟಿಯ ಮನೆಯ ಹಿರಿಯರು ಹೇಳಿದರೆ ಅದು ಕೇಳಿದ್ದು. ಕೇಳಿದ ಮಾತು ಕಡಿಮೆ ಬೆಲೆಯದೆಂದಲ್ಲ. ತೂಬನ್ನು ಎತ್ತಿದವರಿಗೆ, ಹಟ್ಟಿಯ ಕುರಿಗಾಹಿಗಳಿಗೆ ಗೊತ್ತಿರುವ ನೆಲದ ವಿವರ ಯಾವ ನಕಾಶೆಯಲ್ಲಿಯೂ ಇಲ್ಲ. ಆದರೆ ಅದು ಯಾವ ಊರಿನ, ಎಷ್ಟು ವಯಸ್ಸಿನ, ಯಾವ ಕಸುಬಿನವರ ಮಾತು ಎಂಬುದನ್ನು ಸೂಚಿಸಿ ಬರೆಯಬೇಕು, ಹೆಸರು ಬೇಕಾಗಿಲ್ಲ.

ಹಿರಿಯರು ಕಾಲವನ್ನು ಹೇಳುವುದು ಮಳೆ ನಕ್ಷತ್ರದ ಲೆಕ್ಕದಲ್ಲಿ. ‘ಹಸ್ತ ಮಳೆಗೆ ಕೆರೆ ಕೋಡಿ ಬೀಳುತ್ತಿತ್ತು’ ಎಂದರೆ ಅದನ್ನು ಹಾಗೆಯೇ ಬರೆದು, ಪಕ್ಕದಲ್ಲಿ ‘ಸುಮಾರು ಸೆಪ್ಟೆಂಬರ್ 27ರಿಂದ ಅಕ್ಟೋಬರ್ ಎರಡನೆಯ ವಾರದವರೆಗೆ’ ಎಂದು ಸೇರಿಸಿದರೆ ಸಾಕು. ಹಿರಿಯರ ಮಾತೂ ಉಳಿಯುತ್ತದೆ, ಮಳೆಮಾಪಕದ ಅಂಕಿಯೊಂದಿಗೆ ಹೋಲಿಸಲೂ ಬರುತ್ತದೆ. ಆ ಅಂಕಿ ಈಗ ಕೈಗೆಟುಕದ್ದಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಸ್ಥಾಪಿಸಿದೆ. ಪಂಚಾಯಿತಿ ಕಚೇರಿಯ ಆವರಣದಲ್ಲಿಯೋ ಶಾಲೆಯ ಬಯಲಿನಲ್ಲಿಯೋ ನಿಂತಿರುವ ಆ ಕಂಬ ಏನು ಮಾಡುತ್ತದೆಂದು ಮಕ್ಕಳಿಗೆ ತೋರಿಸುವುದೇ ಒಂದು ಭೂಗೋಳದ ಪಾಠ.

ಮಳೆಯ ಅಂಕಿಯನ್ನು ನೀರಿನ ಪ್ರಮಾಣವಾಗಿ ಬದಲಿಸುವ ಲೆಕ್ಕವೂ ಕಷ್ಟದ್ದಲ್ಲ. 1 ಹೆಕ್ಟೇರ್ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ಕೆರೆಯ ಜಲಾನಯನ 100 ಹೆಕ್ಟೇರ್ ಇದ್ದು, ಒಂದು ರಾತ್ರಿ 20 ಮಿಲಿಮೀಟರ್ ಮಳೆಯಾದರೆ ಬಿದ್ದ ನೀರು 2 ಕೋಟಿ ಲೀಟರ್. ಇದನ್ನು ಮಕ್ಕಳು ಬರೆದಾಗ ಮುಂದಿನ ಸಾಲನ್ನೂ ಬರೆಯುವಂತೆ ನೋಡಿಕೊಳ್ಳಬೇಕು: ಇಷ್ಟೂ ನೀರು ಕೆರೆಗೆ ಬರುವುದಿಲ್ಲ, ಬಹುಪಾಲು ನೆಲಕ್ಕೆ ಇಂಗುತ್ತದೆ, ಹೊಲದ ಬದುಗಳಲ್ಲಿ ನಿಲ್ಲುತ್ತದೆ, ಆವಿಯಾಗುತ್ತದೆ. ಎಷ್ಟು ಬಂತೆಂಬುದನ್ನು ತಿಳಿಯಲು ಮಳೆಗೆ ಮೊದಲು ಮತ್ತು ನಂತರ ಏರಿಯ ಕಲ್ಲಿನ ಮೇಲೆ ನೀರಿನ ಮಟ್ಟವನ್ನು ಗುರುತಿಸಬೇಕು.

ನಕ್ಷೆಯಿಲ್ಲದ ಭೂಗೋಳ ವರದಿ ಉಪ್ಪಿಲ್ಲದ ಊಟ. ಆದರೆ ಮಕ್ಕಳು ಬರೆಯುವ ನಕ್ಷೆಯಲ್ಲಿ ಸಾಮಾನ್ಯವಾಗಿ ದೇವಸ್ಥಾನ ದೊಡ್ಡದು, ಗುಡ್ಡ ಚಿಕ್ಕದು, ಉತ್ತರ ಎತ್ತಲೋ. ಇದನ್ನು ಸರಿಪಡಿಸಲು ದುಬಾರಿ ಉಪಕರಣ ಬೇಕಿಲ್ಲ. 30 ಮೀಟರ್ ಟೇಪನ್ನು ನೆಲಕ್ಕೆ ಹಾಸಿ ಒಬ್ಬ ವಿದ್ಯಾರ್ಥಿ ಮೂರು ಸಲ ನಡೆದು ಹೆಜ್ಜೆ ಎಣಿಸಲಿ. 50 ಹೆಜ್ಜೆಯಾದರೆ ಒಂದು ಹೆಜ್ಜೆಗೆ 60 ಸೆಂಟಿಮೀಟರ್. ಕಾಲುವೆಯ ಒಂದು ತಿರುವಿನಿಂದ ಇನ್ನೊಂದಕ್ಕೆ 700 ಹೆಜ್ಜೆ ಬಂದರೆ 420 ಮೀಟರ್. 1 ಸೆಂಟಿಮೀಟರಿಗೆ 50 ಮೀಟರ್ ಎಂಬ ಪ್ರಮಾಣದಲ್ಲಿ ಕಾಗದದ ಮೇಲೆ ಅದು 8.4 ಸೆಂಟಿಮೀಟರ್. ದಿಕ್ಸೂಚಿ ಮೊಬೈಲಿನಲ್ಲಿಯೇ ಇದೆ. ಹೀಗೆ ಬರೆದ ನಕ್ಷೆಯನ್ನು ಕಂದಾಯ ಇಲಾಖೆಯ ಗ್ರಾಮ ನಕಾಶೆಯ ಪಕ್ಕದಲ್ಲಿಟ್ಟು ನೋಡಿದಾಗ, ನಕಾಶೆಯಲ್ಲಿ ಜೋಡಿ ಗೆರೆಯಾಗಿರುವ ಹಳ್ಳ ನೆಲದ ಮೇಲೆ ಎಲ್ಲಿ ಸಣ್ಣದಾಗಿದೆ, ಎಲ್ಲಿ ಕಾಣೆಯಾಗಿದೆ ಎಂಬುದು ತಾನಾಗಿ ತೋರುತ್ತದೆ. ಸರ್ವೆ ನಂಬರ್ ತಿಳಿಯಲು ದಿಶಾಂಕ್ ಆ್ಯಪ್ ನೆರವಾಗುತ್ತದೆಯಾದರೂ ಅದು ಅಳತೆಯ ಅಂತಿಮ ಪ್ರಮಾಣವಲ್ಲ.

ಮಕ್ಕಳು ಬರೆದ ನಕ್ಷೆಯನ್ನು ನಂಬಬಹುದೇ ಎಂಬ ಸಂಶಯ ಸದಸ್ಯರಲ್ಲಿ ಮೂಡುವುದು ಸಹಜ. ಈ ಸಂಶಯಕ್ಕೆ ಹೊರದೇಶದ ಒಂದು ಹಳೆಯ ಪ್ರಸಂಗ ಉತ್ತರ ಕೊಡುತ್ತದೆ. 1930ರ ದಶಕದಲ್ಲಿ ಲಂಡನ್ನಿನ ಭೂಗೋಳ ಪ್ರಾಧ್ಯಾಪಕ ಡಡ್ಲಿ ಸ್ಟ್ಯಾಂಪ್ ಬ್ರಿಟನ್ನಿನ ಇಡೀ ನೆಲದ ಬಳಕೆಯನ್ನು ನಕ್ಷೆಗೆ ಇಳಿಸಲು ಹೊರಟರು. ಹಣ ಕಡಿಮೆಯಿತ್ತು. ಕೆಲಸದ ದೊಡ್ಡ ಪಾಲನ್ನು ಮಾಡಿದವರು ಶಾಲಾ ಮಕ್ಕಳು, ಸುಮಾರು 2.5 ಲಕ್ಷ ಮಂದಿ. ಅವರ ಕೈಗೆ ಕೊಟ್ಟದ್ದು ಒಂದು ನಕ್ಷೆಯ ಹಾಳೆ ಮತ್ತು ಕಾಡು, ಹುಲ್ಲುಗಾವಲು, ಉಳುಮೆ ನೆಲ, ಕುರುಚಲು ಬೀಡು, ತೋಟ, ಬೆಳೆಗೆ ಬಾರದ ನೆಲ ಎಂಬ ಆರು ವರ್ಗಗಳಿಗೆ ಆರು ಅಕ್ಷರ. ಹೊಲದ ಮುಂದೆ ನಿಂತು, ಕಣ್ಣಿಗೆ ಕಂಡ ಒಂದು ಅಕ್ಷರವನ್ನು ಬರೆಯುವುದು. ಅಷ್ಟೇ. ಎರಡನೆಯ ಮಹಾಯುದ್ಧ ಬಂದು ದೇಶಕ್ಕೆ ಆಹಾರದ ಕೊರತೆಯ ಭಯ ಎದುರಾದಾಗ, ಎಲ್ಲಿ ಉಳುಮೆ ಹೆಚ್ಚಿಸಬಹುದೆಂದು ಯೋಚಿಸಲು ಆ ನಕ್ಷೆಗಳು ಬಳಕೆಯಾದವು. ಮಕ್ಕಳಿಂದ ಅಭಿಪ್ರಾಯವನ್ನು ಕೇಳದೆ ಗುರುತನ್ನು ಕೇಳಿದ್ದರಿಂದಲೇ ಆ ಕೆಲಸ ನಿಂತಿತು. ಬುಕ್ಕಾಪಟ್ಟಣದ ಕಾಲುವೆಗೂ ಇದೇ ಕ್ರಮ ಒಗ್ಗುತ್ತದೆ: ಹೂಳು, ಜಾಲಿ, ಒಡೆದ ದಂಡೆ, ಮುಚ್ಚಿದ ಮೋರಿ, ಸಾಗುವಳಿ, ತೆರವಾಗಿದೆ ಎಂದು ಆರು ಗುರುತು ಮಾಡಿಕೊಂಡು, ಪ್ರತಿ 50 ಮೀಟರಿಗೆ ಒಂದನ್ನು ಬರೆದರೆ ಸಾಕು.

ಕೊಳವೆ ಬಾವಿಯ ಅಭ್ಯಾಸ ಇನ್ನೂ ಸೂಕ್ಷ್ಮ. ಬಾವಿಯ ಆಳವನ್ನು ಮಕ್ಕಳು ಅಳೆಯಲಾರರು. ಮಾಲೀಕರು ಹೇಳಿದ ಅಡಿಗಳನ್ನು ಬರೆಯುತ್ತಾರೆ. ಹಾಗಾದರೆ ಪಟ್ಟಿಯ ತಲೆಯ ಮೇಲೆ ‘ಮಾಲೀಕರು ಹೇಳಿದ ಆಳ’ ಎಂದಿರಬೇಕು. ನೀರಿನ ಗುಣದ ವಿಷಯದಲ್ಲಂತೂ ಬಾಯಿಮಾತು ಸಾಲದು. ಪಾವಗಡ, ಮಧುಗಿರಿ, ಶಿರಾ ಭಾಗಗಳ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಸರ್ವವಿದಿತ. ಕುಡಿಯುವ ನೀರಿನ ಭಾರತೀಯ ಮಾನದಂಡ ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹನೀಯ. ಹಲ್ಲಿನ ಮೇಲಿನ ಕಲೆಯನ್ನು ನೋಡಿ ‘ನೀರಿನಲ್ಲಿ ಫ್ಲೋರೈಡ್ ಹೆಚ್ಚು’ ಎಂದು ಬರೆದರೆ ಅದು ಊಹೆ. ಜಲ ಜೀವನ್ ಮಿಷನ್‌ನಡಿ ಗ್ರಾಮಗಳಿಗೆ ಒದಗಿಸಿರುವ ಕ್ಷೇತ್ರ ಪರೀಕ್ಷಾ ಕಿಟ್‌ನ ಫಲಿತಾಂಶವನ್ನು ದಿನಾಂಕ ಮತ್ತು ಮೂಲದೊಡನೆ ಬರೆದರೆ ಅದು ಮಾಹಿತಿ. ಕಿಟ್ ಬಳಸಲು ತರಬೇತಿ ಪಡೆದ ಮಹಿಳೆಯರು ಊರಿನಲ್ಲಿಯೇ ಇರುತ್ತಾರೆ. ಅವರನ್ನು ಶಾಲೆಗೆ ಕರೆಸುವುದು ಒಂದು ಫೋನ್ ಕರೆಯ ಕೆಲಸ.

ತೀರ್ಮಾನದ ಭಾಗವನ್ನು ಕುರಿತು ಹೆಚ್ಚು ಹೇಳಬೇಕಾದದ್ದಿಲ್ಲ. ಕಂಡದ್ದಕ್ಕಿಂತ ಅದು ದೊಡ್ಡದಾಗಬಾರದು. ಫೆಬ್ರವರಿಯ ಒಂದು ದಿನ ಕೆರೆ ಒಣಗಿತ್ತು ಎಂಬುದರಿಂದ ‘ಕೆರೆ ಸತ್ತುಹೋಗಿದೆ’ ಎಂದು ಬರೆಯಲಾಗದು. ಯಾವುದನ್ನು ನೋಡಲಾಗಲಿಲ್ಲ, ಏಕೆ ಆಗಲಿಲ್ಲ ಎಂಬ ಎರಡು ಸಾಲು ವರದಿಯ ಗೌರವವನ್ನು ಹೆಚ್ಚಿಸುತ್ತದೆ.

ಆದರೆ ಸತ್ಯವನ್ನೇ ಬರೆದ ವರದಿ ಕೆಲವೊಮ್ಮೆ ಇರುಸುಮುರುಸು ತರುತ್ತದೆ. ಗುರುತುಗಳ ಪಟ್ಟಿಯಲ್ಲಿ ‘ಸಾಗುವಳಿ’ ಎಂಬುದು ಇದ್ದೇ ಇದೆ. ಕಾಲುವೆಯ ಮೇಲೆ ಯಾರೋ ಅಡಿಕೆ ಸಸಿ ನೆಟ್ಟಿರುತ್ತಾರೆ. ಅವರು ಸದಸ್ಯರ ನೆಂಟರೋ ಸ್ವತಃ ಸದಸ್ಯರೋ ಆಗಿರಬಹುದು. ಇಂಥಲ್ಲಿ ಮೂರು ಕಟ್ಟುಪಾಡು ಅವಶ್ಯಕ. ಮಕ್ಕಳ ವರದಿಯಲ್ಲಿ ವ್ಯಕ್ತಿಯ ಹೆಸರು ಬರಬಾರದು. ಜಾಗ ಮತ್ತು ಅಳತೆ ಮಾತ್ರ ಬರಬೇಕು. ವರದಿಯನ್ನು ಯಾವ ವ್ಯಾಜ್ಯದಲ್ಲಿಯೂ ಸಾಕ್ಷಿಯಾಗಿ ಎಳೆಯಬಾರದು. ಸಂಶಯವಿದ್ದರೆ ಭೂಮಾಪಕರಿಂದ ಅಳತೆ ಮಾಡಿಸುವುದು ದೊಡ್ಡವರ ಹೊಣೆ. ಮೂರನೆಯದಾಗಿ, ಆ ಸಾಲನ್ನು ತೆಗೆದುಹಾಕಿಸಲು ಶಿಕ್ಷಕರ ಮೇಲೆ ಯಾರೂ ಒತ್ತಡ ತರಬಾರದು. ಒಮ್ಮೆ ಹಾಗಾದರೆ ಮಾರನೆಯ ವರ್ಷ ಮತ್ತೆ ಬಣ್ಣದ ಹಾಳೆ, ‘ಪರಿಸರವನ್ನು ಉಳಿಸೋಣ’. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ತಾನು ಅಳೆದ ಅಂಕಿಯನ್ನು ಹಿರಿಯರ ಮುಖ ನೋಡಿ ಅಳಿಸುವುದನ್ನು ಕಲಿತರೆ, ಆ ಪಾಠವನ್ನು ಅವಳಿಗೆ ಕಲಿಸಿದ್ದು ಶಾಲೆಯಲ್ಲ, ಪಂಚಾಯಿತಿ.

ಕಾಡಿನ ಅಂಚಿನ ಶಾಲೆಗಳಿಗೆ ಇನ್ನೊಂದು ಎಚ್ಚರಿಕೆ. ವನ್ಯಜೀವಿಧಾಮದ ಒಳಗೆ ಹೋಗಲು 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು; ಮಕ್ಕಳನ್ನು ಕರೆದೊಯ್ಯುವ ಮೊದಲೇ ವಲಯ ಅರಣ್ಯ ಕಚೇರಿಗೆ ಬರೆಯಬೇಕು. ಒಳಹೋಗದೆಯೂ ಮಾಡಬಹುದಾದ ಅಭ್ಯಾಸ ಬೇಕಾದಷ್ಟಿದೆ. ಊರ ಗೋಮಾಳದ ಮರಗಳು, ಗೋಕಟ್ಟೆಗೆ ಬರುವ ಕುರಿ ಹಿಂಡು, ಬದುವಿನ ಮಣ್ಣು. ಚಿಂಕಾರ, ಕೊಂಡುಕುರಿ, ಚಿರತೆಗಳ ಸುದ್ದಿ ಕೇಳಿಬಂದರೆ ಪ್ರಾಣಿಯ ಹೆಸರನ್ನು ಬರೆಯಬಹುದು. ಯಾವ ಹೊತ್ತಿಗೆ ಯಾವ ಕಟ್ಟೆಗೆ ನೀರು ಕುಡಿಯಲು ಬರುತ್ತದೆಂದು ಬರೆಯಬಾರದು. ಎಲ್ಲ ಓದುಗರೂ ಒಳ್ಳೆಯವರಲ್ಲ. ಮರಗಿಡಗಳ ಹೆಸರನ್ನು ಮಕ್ಕಳು ಮನೆಯಲ್ಲಿ ಕರೆಯುವಂತೆಯೇ ಕಮರ, ತುಗ್ಗಲಿ, ಹೊಂಗೆ ಎಂದು ಬರೆಯಲಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿ ಸಿದ್ಧಪಡಿಸಬೇಕಾದ ಜನತಾ ಜೀವವೈವಿಧ್ಯ ದಾಖಲೆಗೆ ಆ ಹೆಸರುಗಳೇ ಮೊದಲ ಸಾಮಗ್ರಿ.

ಪಂಚಾಯಿತಿ ಏನು ಕೊಡಬೇಕು? ಹಣಕ್ಕಿಂತ ಮೊದಲು ಕಾಗದ. ಕೆರೆಯ ವಿಸ್ತೀರ್ಣ, ಹಿಂದೆ ಹೂಳೆತ್ತಿದ ವರ್ಷ, ಉದ್ಯೋಗ ಖಾತರಿಯಲ್ಲಿ ನಡೆದ ಕಾಲುವೆ ಕಾಮಗಾರಿಯ ವಿವರ, ನೀರಿನ ಪರೀಕ್ಷೆಯ ಪ್ರತಿ. ಇವು ಕಚೇರಿಯಲ್ಲಿಯೇ ಇರುವ ಸಾರ್ವಜನಿಕ ದಾಖಲೆಗಳು. ಶಾಲೆ ಕೇಳಿದಾಗ ಒಂದು ವಾರದಲ್ಲಿ ಕೊಡುವುದು ದೊಡ್ಡ ಹೊರೆಯಲ್ಲ. ಕೆರೆ ಯಾರ ಆಡಳಿತದಲ್ಲಿದೆ ಎಂಬುದನ್ನೂ ತಿಳಿಸಬೇಕು. 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳಿಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಇದು ತಿಳಿಯದೆ ಮಕ್ಕಳು ವರದಿಯ ಕೊನೆಯಲ್ಲಿ ‘ಸರ್ಕಾರ ಕ್ರಮ ಕೈಗೊಳ್ಳಬೇಕು’ ಎಂದು ಬರೆಯುತ್ತಾರೆ. ಯಾವ ಕಚೇರಿ ಎಂದು ಬರೆಯಲು ಕಲಿತರೆ ಪೌರನೀತಿಯ ಅರ್ಧ ಪಾಠ ಅಲ್ಲಿಯೇ ಮುಗಿಯುತ್ತದೆ.

ವರದಿ ಬಂದ ಮೇಲೆ ಅದಕ್ಕೆ ಲಿಖಿತ ಉತ್ತರ ಹೋಗಬೇಕು. ಒಪ್ಪಿದ್ದು, ಒಪ್ಪದ್ದು, ಕ್ರಿಯಾ ಯೋಜನೆಯಲ್ಲಿ ಸೇರಿಸಿದ್ದು, ಈ ವರ್ಷ ಆಗದ್ದು, ಎಲ್ಲವೂ ಒಂದು ಪುಟದಲ್ಲಿ ಮುಗಿಯುತ್ತದೆ. ‘ಮೋರಿ ಮುಚ್ಚಿರುವುದು ನಿಜ, ತೆರವಿಗೆ ಅಂದಾಜು ಮಾಡಿಸಲಾಗುವುದು, ದಂಡೆಯ ಅಳತೆಯಲ್ಲಿ ವ್ಯತ್ಯಾಸ ಕಂಡಿದೆ, ಇಂಜಿನಿಯರ್ ಜೊತೆ ಮತ್ತೊಮ್ಮೆ ಅಳೆಯೋಣ’ ಎಂಬಂಥ ಉತ್ತರ ಮಕ್ಕಳಿಗೆ ಪ್ರಶಸ್ತಿ ಪತ್ರಕ್ಕಿಂತ ಹೆಚ್ಚು. ವರದಿಯ ಒಂದು ಪ್ರತಿಯನ್ನು ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಇಡಬೇಕು. ಮುಂದಿನ ವರ್ಷದ ತರಗತಿ ಅದನ್ನೇ ತೆರೆದು, ಅದೇ ಕಾಲುವೆಯ ಅದೇ 50 ಮೀಟರ್ ಗುರುತುಗಳಲ್ಲಿ ಮತ್ತೆ ನಡೆಯಬಹುದು. ಐದು ವರ್ಷ ಹೀಗೆ ಸಾಗಿದರೆ ಹೂಳು ಎಲ್ಲಿ ಪದೇ ಪದೇ ಕೂಡುತ್ತದೆಂಬುದು ಅಂದಾಜು ಪಟ್ಟಿ ಮಾಡುವವರಿಗೂ ಉಪಯುಕ್ತ. ಇಂಜಿನಿಯರು ಕಾಲುವೆಗೆ ಬರುವುದು ಕಾಮಗಾರಿ ಇದ್ದಾಗ. ಮಕ್ಕಳು ಅದನ್ನು ದಾಟಿಕೊಂಡೇ ದಿನವೂ ಶಾಲೆಗೆ ಬರುತ್ತಾರೆ.

ವೇಳಾಪಟ್ಟಿಯ ವಿಷಯದಲ್ಲಿ ಒಂದು ಸೂಚನೆ. ಮಕ್ಕಳ ಗ್ರಾಮ ಸಭೆಗಳು ಸಾಮಾನ್ಯವಾಗಿ ನವೆಂಬರ್‌ನಿಂದ ಆರಂಭವಾಗುತ್ತವೆ. ದಸರಾ ರಜೆ ಮುಗಿದ ವಾರದಲ್ಲಿ, ಚಿತ್ತೆ ಮಳೆಯ ನೀರು ಇನ್ನೂ ಹಳ್ಳದಲ್ಲಿರುವಾಗಲೇ ಕಾಲುವೆಯ ನಡಿಗೆ ಮುಗಿದರೆ, ವರದಿ ಬರೆಯಲು ಸಾಕಷ್ಟು ದಿನ ಸಿಗುತ್ತವೆ. ಎರಡನೆಯ ಭೇಟಿ ಮಾರ್ಚ್ ಮೊದಲ ವಾರ, ವಾರ್ಷಿಕ ಪರೀಕ್ಷೆಗೆ ಮುನ್ನ, ಬೆಳಗಿನ ಹೊತ್ತು. ನಡಿಗೆಯ ದಿನ ಇಬ್ಬರು ಶಿಕ್ಷಕರು, ಒಬ್ಬ ಎಸ್‌ಡಿಎಂಸಿ ಸದಸ್ಯರು ಮತ್ತು ಆ ವಾರ್ಡಿನ ಪಂಚಾಯಿತಿ ಸದಸ್ಯರು ಜೊತೆಗಿರಬೇಕು. ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, 30 ಮೀಟರ್ ಟೇಪು, ಗ್ರಾಮ ನಕಾಶೆಯ ನೆರಳಚ್ಚು ಪ್ರತಿ, ಇವಿಷ್ಟನ್ನು ಹಿಂದಿನ ದಿನವೇ ಶಾಲೆಗೆ ತಲುಪಿಸುವುದು ಪಂಚಾಯಿತಿ ಕಚೇರಿಯ ಕೆಲಸ.